ಜೀವಕೋಶದ ಮೈಮೇಲಿನ ಗುರುತುಗಳು

ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರಿಗೆ ಮಗುವೊಂದು ಚಿಕಿತ್ಸೆ ಪಡೆದಿದೆ. ಅದರ ಅಸ್ಥಿಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೋಗದ ಕೋಶಗಳು ಕಾಣಲಿಲ್ಲವೆನ್ನೋಣ. ರೋಗವು ನಿರ್ಮೂಲವಾಯಿತೆಂದು ನಾವು ಹೇಳಬಹುದೆ? ಹೇಳಲಾಗದು. ೧೦,೦೦೦ ಕೋಶಗಳಲ್ಲಿ ಒಂದು ಉಳಿದಿದ್ದರೂ ರೋಗ ಮರುಕಳಿಸುವ ಭಯವುಂಟು. ಸೂಕ್ಷ್ಮದರ್ಶಕವು ತೋರುವುದು ಕೋಶದ ರೂಪವನ್ನು. ಆರೋಗ್ಯದ ಎಳೆಯ ಕೋಶವೂ ರೋಗದ ಕೋಶವೂ ರೂಪದಲ್ಲಿ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ.

ಇವನ್ನು ಬೇರ್ಪಡಿಸಲು ಕೋಶದ ಮೇಲ್ಮೈಯ ಪ್ರೋಟೀನುಗಳು ನೆರವಾಗುತ್ತವೆ. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ೧೯೭೫ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದರು. ೧೯೮೨ರ ಪ್ಯಾರಿಸ್ ಸಮ್ಮೇಳನದಿಂದೀಚೆಗೆ ಈ ಗುರುತುಗಳನ್ನು ‘ಸಿ.ಡಿ.’ ಸಂಖ್ಯೆಗಳಿಂದ ಕರೆಯುವುದು ರೂಢಿಯಾಗಿದೆ.

ಬಣ್ಣದ ಬೆಳಕು ಬೀರುವ ವಸ್ತುವನ್ನು ಪ್ರತಿಕಾಯಗಳಿಗೆ ಜೋಡಿಸಿ ಕೋಶಗಳೊಡನೆ ಬೆರೆಸುತ್ತಾರೆ. ಬಳಿಕ ಕೋಶಗಳನ್ನು ದ್ರವದ ಸಣ್ಣ ಧಾರೆಯಲ್ಲಿ ಒಂದರ ಹಿಂದೊಂದರಂತೆ ಲೇಸರ್ ಕಿರಣದ ಮುಂದೆ ಹಾಯಿಸುತ್ತಾರೆ. ಚೆದರಿದ ಬೆಳಕು ಕೋಶದ ಗಾತ್ರವನ್ನೂ ಒಳರಚನೆಯನ್ನೂ, ಹೊಮ್ಮಿದ ಬಣ್ಣಗಳು ಅದರ ಗುರುತುಗಳನ್ನೂ ತಿಳಿಸುತ್ತವೆ. ಸೆಕೆಂಡಿಗೆ ಸಾವಿರಾರು ಕೋಶಗಳ ಪರೀಕ್ಷೆ ಮುಗಿಯುತ್ತದೆ. ಇದೇ ಫ್ಲೋ ಸೈಟೊಮೆಟ್ರಿ.

ಆದರೆ ಒಂದೇ ಗುರುತನ್ನು ನಂಬಿದರೆ ನಾವು ಮೋಸಹೋಗುವೆವು. ಬಿ-ಕೋಶಗಳೆಂಬ ಬಿಳಿಕಣಗಳ ವಂಶದಲ್ಲಿ ಹುಟ್ಟುವ ಲ್ಯುಕೀಮಿಯದಲ್ಲಿ ಸಿ.ಡಿ. ೧೦ ಸಾಮಾನ್ಯವಾಗಿ ಕಾಣುತ್ತದೆ. ಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳುವ ಮಜ್ಜೆಯ ಆರೋಗ್ಯದ ಎಳೆಯ ಬಿ-ಕೋಶಗಳಲ್ಲಿಯೂ ಅದೇ ಗುರುತು ಇರುತ್ತದೆ! ವ್ಯತ್ಯಾಸವಿರುವುದು ಕ್ರಮದಲ್ಲಿ. ಆರೋಗ್ಯದ ಕೋಶವು ಬಲಿತಂತೆ ಸಿ.ಡಿ. ೧೦ ಇಳಿದು ಸಿ.ಡಿ. ೨೦ ಏರುತ್ತದೆ. ರೋಗದ ಕೋಶ ಈ ಕ್ರಮವನ್ನು ಮೀರುತ್ತದೆ. ಅನೇಕ ವೇಳೆ ಅದರಲ್ಲಿ ಸಿ.ಡಿ. ೫೮ ಅತಿಯಾಗಿ, ಸಿ.ಡಿ. ೩೮ ಕಡಮೆಯಾಗಿ ಇರುತ್ತದೆ. ಆದುದರಿಂದ ಹಲವು ಗುರುತುಗಳನ್ನು ಒಟ್ಟಿಗೆ ನೋಡಿಯೇ ತೀರ್ಮಾನಿಸಬೇಕು.

ಬೇರೆ ಎಚ್ಚರಗಳೂ ಉಂಟು. ಸತ್ತ ಕೋಶಗಳಿಗೆ ಪ್ರತಿಕಾಯಗಳು ಗುರಿಯಿಲ್ಲದೆ ಅಂಟುತ್ತವೆ. ಒಂದಕ್ಕೊಂದು ಅಂಟಿದ ಎರಡು ಕೋಶಗಳು, ಎರಡರ ಗುರುತನ್ನೂ ಹೊತ್ತ ಒಂದೇ ಕೋಶದಂತೆ ತೋರುತ್ತವೆ. ಇವನ್ನು ಮೊದಲೇ ಲೆಕ್ಕದಿಂದ ತೆಗೆಯಬೇಕು. ಎಣಿಕೆಯೂ ದೊಡ್ಡದಾಗಿರಬೇಕು. ೧೦,೦೦೦ಕ್ಕೆ ಒಂದರಂತೆ ರೋಗಕೋಶವಿದ್ದಾಗ ಅಷ್ಟನ್ನೇ ಎಣಿಸಿದರೆ ಒಂದು ಸಿಕ್ಕೀತು, ಸಿಕ್ಕದೆಯೂ ಹೋದೀತು. ೫,೦೦,೦೦೦ ಎಣಿಸಿದರೆ ಸುಮಾರು ೫೦ ಸಿಕ್ಕುತ್ತವೆ. ಆಗ ಅದು ಆಕಸ್ಮಿಕವೆನ್ನಲು ಬಾರದು.

ಮಗುವಿಗೆ ಇನ್ನೂ ತೀವ್ರವಾದ ಚಿಕಿತ್ಸೆ ಬೇಕೆ ಎಂಬುದನ್ನು ವೈದ್ಯರು ನಿರ್ಧರಿಸುವಾಗ ಈ ಎಣಿಕೆಗೆ ಬಹಳ ಬೆಲೆಯುಂಟು. ರೋಗಕೋಶವನ್ನು ಆರೋಗ್ಯದ್ದೆಂದು ಬಗೆದರೆ ರೋಗ ಉಳಿಯುತ್ತದೆ. ಆರೋಗ್ಯದ ಕೋಶವನ್ನು ರೋಗದ್ದೆಂದು ಬಗೆದರೆ ಗುಣವಾಗುತ್ತಿರುವ ಮಗು ಬೇಡದ ಔಷಧದ ಬಾಧೆಯನ್ನು ಅನುಭವಿಸಬೇಕಾಗುತ್ತದೆ.