ಅಂತರ್ಜಾಲದ ಲಿಲಾವಿನಲ್ಲಿ ಅಂಚೆಚೀಟಿಗಳ ಕ್ರಯವಿಕ್ರಯ

ನಮ್ಮ ಶಾಲೆಯಲ್ಲಿ ಕಲಿತು ಈಗ ಸ್ವಂತ ಸಂಸಾರಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕೆಲವು ವರ್ಷಗಳಿಂದ ನಮ್ಮನ್ನು ಒಂದೇ ವಿಧವಾದ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ. ಹಿರಿಯರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳೂ ಟಪಾಲು ತಿಕೀಟುಗಳೂ ದೊರೆತವು. ಅಂಥವುಗಳಿಗೆ ಲಕ್ಷಗಟ್ಟಲೆ ರೂಪಾಯಿ ಬರುತ್ತದೆಂದು ಮೊಬೈಲಿನಲ್ಲಿ ಯಾರೋ ತೋರಿಸಿದರು. ಇವನ್ನು ಮಾರಬಹುದೇ, ಮಾರುವುದಾದರೆ ಎಲ್ಲಿ, ಮೋಸಹೋಗದೆ ಇರುವುದು ಹೇಗೆ ಎಂಬುದೇ ಆ ಪ್ರಶ್ನೆ. ಮಗಳ ಕಾಲೇಜಿನ ಫೀಯನ್ನು ಕಟ್ಟಬೇಕಾದ ಮನೆಯಲ್ಲಿ ಇದು ಬರಿಯ ವಿನೋದದ ಮಾತಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಆ ವಿಷಯವನ್ನು ಆದಷ್ಟು ಸ್ಪಷ್ಟವಾಗಿ ವಿವರಿಸಲು ಯತ್ನಿಸಿದ್ದೇವೆ.

ಲಿಲಾವು ಎಂದರೇನೆಂಬುದನ್ನು ವಿಜಯಪುರದ ಜನರಿಗೆ ಕಲಿಸಬೇಕಾದ ಅಗತ್ಯವಿಲ್ಲ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ತೋಟದವರು ಒಣದ್ರಾಕ್ಷಿಯನ್ನು ಪೇಟೆಗೆ ತಂದಾಗ ವ್ಯಾಪಾರಿಗಳು ಅದರ ಬಣ್ಣವನ್ನೂ ಗಾತ್ರವನ್ನೂ ನೋಡಿ, ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ಆಮೇಲೆ ಸವಾಲು ಕೂಗುತ್ತಾರೆ. ಅಂಚೆಚೀಟಿಗಳ ಲಿಲಾವೂ ಇದೇ ಜಾತಿಯದು. ಭೇದವೇನೆಂದರೆ, ಇಲ್ಲಿ ಕೊಳ್ಳುವವರು ಲೋಕದ ನಾಲ್ಕೂ ಕಡೆಗಳಲ್ಲಿ ಚದರಿದ್ದಾರೆ; ಅವರು ಸರಕನ್ನು ಕೈಯಲ್ಲಿ ಹಿಡಿದು ನೋಡಲಾರರು. ಅವರ ಮುಂದೆ ಇರುವುದು ಚಿತ್ರವೂ ಮಾರುವವನ ಮಾತೂ ಮಾತ್ರ. ಈ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಸಂಗತಿಗಳೆಲ್ಲ ತಾವಾಗಿಯೇ ತಿಳಿಯುವವು.

ಇಂಥ ಲಿಲಾವು ನಡೆಯುವ ಸ್ಥಳಗಳಲ್ಲಿ ಅಮೇರಿಕೆಯಲ್ಲಿ 1995ರಲ್ಲಿ ಹುಟ್ಟಿದ ಈಬೇ ಎಂಬುದು ಬಹು ಪ್ರಸಿದ್ಧವಾದದ್ದು. ಅದರ ಭಾರತದ ಪ್ರತ್ಯೇಕ ಶಾಖೆಯು 2018ರಲ್ಲಿ ಮುಚ್ಚಿಹೋಯಿತಾದರೂ ಇಲ್ಲಿಂದ ಹೊರದೇಶದವರಿಗೆ ಮಾರುವ ಮಾರ್ಗವು ಉಳಿದಿದೆ. ಬೆಲ್ಜಿಯಮ್ ದೇಶದ ಡೆಲ್ಕಾಂಪ್ ಎಂಬುದು ಅಂಚೆಚೀಟಿ ಮೊದಲಾದ ಸಂಗ್ರಹವಸ್ತುಗಳಿಗೇ ಮೀಸಲಾದದ್ದು. ನಮ್ಮ ದೇಶದಲ್ಲಿಯೂ ಮುಂಬಯಿ, ಬೆಂಗಳೂರುಗಳ ಲಿಲಾವಿನ ಸಂಸ್ಥೆಗಳು ಅಂತರ್ಜಾಲದ ಮೂಲಕ ಸವಾಲುಗಳನ್ನು ಸ್ವೀಕರಿಸುತ್ತವೆ.

ಇಲ್ಲಿ ಸವಾಲು ಏರುವ ಕ್ರಮವನ್ನು ಒಂದು ಲೆಕ್ಕದಿಂದ ತೋರಿಸುವೆವು. ಒಂದು ಲಕೋಟೆಯು ಲಿಲಾವಿಗೆ ಬಂದಿದೆ ಎಂದು ಊಹಿಸಿರಿ. ಒಬ್ಬಳು ತಾನು ಕೊಡಬಹುದಾದ ಅತ್ಯಧಿಕ ಬೆಲೆ 500 ರೂಪಾಯಿ ಎಂದು ಯಂತ್ರಕ್ಕೆ ತಿಳಿಸುತ್ತಾಳೆ. ಎರಡನೆಯವಳು 600, ಮೂರನೆಯವಳು 820 ಎಂದು ತಿಳಿಸುತ್ತಾರೆ. ಈ ಮಿತಿಗಳನ್ನು ಯಂತ್ರವು ಗುಟ್ಟಾಗಿ ಇಟ್ಟುಕೊಂಡು ಅವರ ಪರವಾಗಿ ತಾನೇ ಕೂಗುತ್ತದೆ. ಏರಿಕೆಯ ಮೆಟ್ಟಿಲು 20 ರೂಪಾಯಿ ಆಗಿದ್ದರೆ ಲಕೋಟೆಯು ಮೂರನೆಯವಳಿಗೆ 820ಕ್ಕಲ್ಲ, 620ಕ್ಕೆ ದೊರೆಯುವುದು. ಎರಡನೆಯವಳ ಮಿತಿಯನ್ನು ಒಂದು ಮೆಟ್ಟಿಲು ದಾಟಿದರೆ ಸಾಕು. ಆದುದರಿಂದ ಗಳಿಗೆಗೊಮ್ಮೆ ನೋಡಿ ಹತ್ತು ಹತ್ತು ರೂಪಾಯಿ ಏರಿಸುವ ಕಾರಣವಿಲ್ಲ. ವಸ್ತುವು ತನಗೆ ಎಷ್ಟಕ್ಕೆ ಬೇಕೆಂಬುದನ್ನು ಶಾಂತಚಿತ್ತದಿಂದ ಮೊದಲೇ ನಿಶ್ಚಯಿಸಿ, ಆ ಅಂಕೆಯನ್ನು ಒಮ್ಮೆ ತಿಳಿಸಿ ಸುಮ್ಮನಿರುವವಳೇ ಜಾಣೆ. ಕಡೆಯ ನಿಮಿಷದಲ್ಲಿ ಹಟಕ್ಕೆ ಬಿದ್ದು ಕೂಗಿದವರು ಗೆದ್ದ ಮೇಲೆ ವ್ಯಸನಪಡುವುದು ಪೇಟೆಯಲ್ಲಿಯೂ ಉಂಟು, ಇಲ್ಲಿಯೂ ಉಂಟು.

ಇನ್ನು ಬೆಲೆಯ ವಿಷಯ. ಹಳೆಯದಾದುದೆಲ್ಲ ಬೆಲೆಯುಳ್ಳದ್ದೆಂಬುದು ಜನರಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಒಂದು ಚೀಟಿಯ ಬೆಲೆಯು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಅಂಥವು ಎಷ್ಟು ಉಳಿದಿವೆ, ಅವನ್ನು ಬೇಡುವವರು ಎಷ್ಟು ಮಂದಿ, ಈ ಒಂದರ ಸ್ಥಿತಿ ಹೇಗಿದೆ. ನಮ್ಮ ಊರಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. 1949ನೇ ಆಗಸ್ಟ್ 15ರಂದು ಭಾರತ ಸರಕಾರವು ಪ್ರಾಚೀನ ಶಿಲ್ಪಗಳನ್ನೂ ಕಟ್ಟಡಗಳನ್ನೂ ತೋರಿಸುವ ಚೀಟಿಗಳ ಮಾಲೆಯನ್ನು ಹೊರಡಿಸಿತು. ಅದರಲ್ಲಿ ಆರಾಣೆಯ ಚೀಟಿಯ ಮೇಲೆ ನಮ್ಮ ಗೋಳಗುಮ್ಮಟವೇ ಇದೆ. ವಿಜಯಪುರದವರಿಗೆ ಇದಕ್ಕಿಂತ ಪ್ರಿಯವಾದ ಚೀಟಿ ಇನ್ನಾವುದು? ಆದರೂ ಅದು ದಿನನಿತ್ಯದ ಟಪಾಲಿಗಾಗಿ ವಿಪುಲವಾಗಿ ಅಚ್ಚಾದುದರಿಂದ ಮುದ್ರೆ ಬಿದ್ದ ಬಿಡಿ ಚೀಟಿಗೆ ಅಲ್ಪ ಬೆಲೆಯೇ ದೊರೆಯುವುದು. ಅದೇ ಮಾಲೆಯ ಒಂದಾಣೆಯ ಚೀಟಿಯಲ್ಲಿ ಬೋಧಿಸತ್ತ್ವನ ಚಿತ್ರವು ಎಡಬಲ ತಿರುವುಮುರುವಾಗಿ ಅಚ್ಚಾಗಿತ್ತು; 1950ರಲ್ಲಿ ತಿದ್ದಿ ಬೇರೆ ಅಚ್ಚು ಹಾಕಿದರು. ತಪ್ಪು ಅಚ್ಚೆಂದರೆ ಭಾಗ್ಯವೇ ಕೈಗೆ ಬಂದಂತೆಂದು ಹಲವರು ಹಿಗ್ಗುತ್ತಾರೆ. ಆದರೆ ಈ ತಪ್ಪು ಚೀಟಿಯೂ ಮನೆಮನೆಗೆ ಹಂಚಿಹೋದದ್ದೇ. ಇದಕ್ಕೆ ಪ್ರತಿಯಾಗಿ 1854ರ ನಾಲ್ಕಾಣೆಯ ಚೀಟಿಗಳಲ್ಲಿ ರಾಣಿಯ ತಲೆ ತಲೆಕೆಳಗಾಗಿ ಅಚ್ಚಾದವು ಬಹು ಸ್ವಲ್ಪವೇ ಉಳಿದಿರುವ ಕಾರಣ ಅವುಗಳಿಗೆ ದೊಡ್ಡ ಮೊತ್ತ ಬರುತ್ತದೆ. ತಪ್ಪಿಗಲ್ಲ, ವಿರಳತೆಗೆ ಬೆಲೆ.

ಸ್ಥಿತಿಯೆಂಬುದು ಇಷ್ಟೇ ಮುಖ್ಯ. ಅಂಚಿನ ಹಲ್ಲುಗಳು ಪೂರ್ಣವಾಗಿವೆಯೇ, ಚಿತ್ರವು ನಡುವೆ ಸರಿಯಾಗಿ ಕುಳಿತಿದೆಯೇ, ಬೆನ್ನಿನ ಕಾಗದವು ಕಿತ್ತು ತೆಳುವಾಗಿಲ್ಲವಷ್ಟೆ, ಉಪಯೋಗಿಸದ ಚೀಟಿಯಾದರೆ ಬೆನ್ನಿನ ಅಂಟು ಹಾಗೆಯೇ ಇದೆಯೇ ಎಂದು ಸಂಗ್ರಾಹಕರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಒಂದು ಹಲ್ಲು ಮುರಿದರೂ ಬೆಲೆಯು ಇಳಿಯುವುದು.

ಇಲ್ಲಿ ಗೃಹಿಣಿಯರಿಗೆ ನಾವು ಒತ್ತಿ ಹೇಳತಕ್ಕ ಮಾತೊಂದಿದೆ. ಹಳೆಯ ಲಕೋಟೆಯಿಂದ ಚೀಟಿಯನ್ನು ಕತ್ತರಿಸಬೇಡಿರಿ. ನೀರಿನಲ್ಲಿ ನೆನೆಯಿಸಿ ಬಿಡಿಸಬೇಡಿರಿ. ಅನೇಕ ಸಲ ಚೀಟಿಗಿಂತ ಇಡೀ ಲಕೋಟೆಗೇ ಬೆಲೆ ಹೆಚ್ಚು. ಯಾಕಂದರೆ ಅದರ ಮೇಲಿನ ಅಂಚೆಮುದ್ರೆ, ಊರಿನ ಹೆಸರು, ತಾರೀಖು, ವಿಳಾಸ ಇವೆಲ್ಲ ಕೂಡಿ ಒಂದು ಚರಿತ್ರೆಯನ್ನು ಹೇಳುತ್ತವೆ. ನಮ್ಮ ಜಿಲ್ಲೆಯ ಮುಖ್ಯ ಕಚೇರಿಯು 1885ರ ತನಕ ಕಲಾದಗಿಯಲ್ಲಿತ್ತು; ಆ ಕಾಲದ ಕಲಾದಗಿಯ ಮುದ್ರೆಯುಳ್ಳ ಲಕೋಟೆಯನ್ನು ಅರಿತವರು ಆದರದಿಂದ ನೋಡುವರು. ಕಲಬುರ್ಗಿ, ರಾಯಚೂರುಗಳು ಆಗ ನಿಜಾಮರ ರಾಜ್ಯದಲ್ಲಿದ್ದವು; ಆ ರಾಜ್ಯವು 1869ರಿಂದ ತನ್ನದೇ ಚೀಟಿಗಳನ್ನು ಹೊರಡಿಸುತ್ತಿತ್ತು. ಆ ಕಡೆಯಿಂದ ನಮ್ಮ ಕಡೆಗೆ ಸೊಸೆಯಾಗಿ ಬಂದ ಅಜ್ಜಿಯರ ಪೆಟ್ಟಿಗೆಗಳಲ್ಲಿ ಅಂಥ ಕಾಗದಗಳು ದೊರೆತರೆ ಕಟ್ಟನ್ನು ಬಿಚ್ಚದೆ, ಬಿಸಿಲಿಗೂ ತೇವಕ್ಕೂ ಗೆದ್ದಲಿಗೂ ಸಿಕ್ಕದಂತೆ ಕಾಪಾಡುವುದು ಮೊದಲನೆಯ ಕೆಲಸ.

ದೊಡ್ಡ ಬೆಲೆಯ ಸುದ್ದಿಗಳೇ ಸುಳ್ಳೆಂದು ನಾವು ಹೇಳುವುದಿಲ್ಲ. 1948ರಲ್ಲಿ ಗಾಂಧೀಜಿಯವರ ಸ್ಮರಣಾರ್ಥವಾಗಿ ಹೊರಟ ಚೀಟಿಗಳಲ್ಲಿ ಗವರ್ನರ್ ಜನರಲ್ಲರ ಉಪಯೋಗಕ್ಕಾಗಿ ‘ಸರ್ವಿಸ್’ ಎಂಬ ಅಕ್ಷರಗಳನ್ನು ಮೇಲೆ ಅಚ್ಚೊತ್ತಿದವು ಕೆಲವಿವೆ. ಅಂಥ ಹತ್ತು ರೂಪಾಯಿಯ ನಾಲ್ಕು ಚೀಟಿಗಳ ಒಂದು ಪಟ್ಟಿಯನ್ನು ಲಂಡನ್ನಿನ ಸ್ಟಾನ್ಲಿ ಗಿಬನ್ಸ್ ಸಂಸ್ಥೆಯು 2017ರಲ್ಲಿ 5 ಲಕ್ಷ ಪೌಂಡುಗಳಿಗೆ ಮಾರಿತು. ಆದರೆ ಈ ಕೀರ್ತಿಯೇ ಕಳ್ಳರಿಗೆ ದಾರಿ ಮಾಡಿಕೊಟ್ಟಿದೆ. ಸಾಮಾನ್ಯ ಚೀಟಿಯ ಮೇಲೆ ಆ ಅಕ್ಷರಗಳನ್ನು ಹೊಸದಾಗಿ ಒತ್ತಿದವೂ, ಚೀಟಿಯನ್ನೇ ಖೋಟಾ ಅಚ್ಚು ಹಾಕಿದವೂ ಪೇಟೆಯಲ್ಲಿ ತಿರುಗುತ್ತಿವೆ. ಅದಕ್ಕಾಗಿಯೇ ಬೆಲೆಬಾಳುವ ಚೀಟಿಗೆ ಲಂಡನ್ನಿನ ರಾಯಲ್ ಫಿಲಟೆಲಿಕ್ ಸೊಸೈಟಿಯಂಥ ಸಂಸ್ಥೆಯ ಪರೀಕ್ಷಕರು ಕೊಟ್ಟ ಪ್ರಮಾಣಪತ್ರವನ್ನು ಕೇಳುವ ರೂಢಿಯುಂಟು. ಪ್ರಮಾಣಪತ್ರವಿಲ್ಲದ ಅಪೂರ್ವ ಚೀಟಿಯು ಸ್ವಲ್ಪ ಹಣಕ್ಕೆ ಸಿಕ್ಕುವಂತಿದ್ದರೆ ಅದು ಅಪೂರ್ವವಲ್ಲವೆಂದೇ ತಿಳಿಯತಕ್ಕದ್ದು.

ಕೊಳ್ಳುವವರು ಗಮನಿಸಬೇಕಾದ ವಿಷಯಗಳು ಹೆಚ್ಚಿಲ್ಲ. ಮಾರುವವನ ಹಿಂದಿನ ಗಿರಾಕಿಗಳು ಬರೆದ ಅಭಿಪ್ರಾಯಗಳನ್ನು ಓದಿರಿ. ಚೀಟಿಯ ಮುಂಭಾಗದ ಚಿತ್ರದೊಡನೆ ಬೆನ್ನಿನ ಚಿತ್ರವನ್ನೂ ಕೇಳಿರಿ. ಬೆನ್ನನ್ನು ತೋರಿಸಲೊಲ್ಲದವನಿಗೆ ಕಾರಣವಿರುತ್ತದೆ. ಮಾರುವವರು ಕೇಳುವ ಬೆಲೆ ಬೇರೆ, ವಸ್ತುವು ನಿಜವಾಗಿ ಮಾರಿಹೋದ ಬೆಲೆ ಬೇರೆ. ಮಾರಿಹೋದವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ನೋಡುವ ಅನುಕೂಲವು ಈಬೇಯಲ್ಲಿದೆ, ಅದನ್ನೇ ನೋಡಿರಿ. ಅಚ್ಚಾದ ಬೆಲೆಪಟ್ಟಿಗಳಲ್ಲಿರುವ ಅಂಕೆಯು ಉತ್ತಮ ಸ್ಥಿತಿಯ ಚೀಟಿಯದೆಂಬುದನ್ನೂ ಮರೆಯಬೇಡಿರಿ. ಲಿಲಾವಿನ ಬೆಲೆಯ ಮೇಲೆ ಸಂಸ್ಥೆಯ ಕಮಿಶನ್ನು, ತೆರಿಗೆ, ಟಪಾಲು ಖರ್ಚು, ಹೊರದೇಶದಿಂದ ಬರುವುದಾದರೆ ಸುಂಕ, ಇವೆಲ್ಲ ಸೇರುವವು.

ಮಾರುವವರು ಮೊದಲು ತಮ್ಮಲ್ಲಿರುವುದನ್ನು ಅರಿತವರಿಗೆ ತೋರಿಸಲಿ. ಆದರೆ ಒಬ್ಬನೇ ವ್ಯಾಪಾರಿಯ ಮಾತಿನ ಮೇಲೆ ಇಡೀ ಕಟ್ಟನ್ನು ಕೊಟ್ಟುಬಿಡಬಾರದು. ಹಗಲಿನ ಬೆಳಕಿನಲ್ಲಿ ಎರಡೂ ಬದಿಗಳ ಸ್ಪಷ್ಟ ಚಿತ್ರ ತೆಗೆಯಿರಿ. ಹರುಕು, ಕಲೆ, ಮಡಿಕೆಗಳಿದ್ದರೆ ಬಚ್ಚಿಡದೆ ಬರೆಯಿರಿ. ಇದ್ದುದನ್ನು ಇದ್ದಂತೆ ಹೇಳುವವರಿಗೆ ಗಿರಾಕಿಗಳು ಮರಳಿ ಬರುವರು. ಹಣವು ಬ್ಯಾಂಕಿನ ಖಾತೆಗೆ ಸೇರಿದುದನ್ನು ಖಾತೆಯಲ್ಲಿಯೇ ನೋಡಿದ ಮೇಲೆ, ಚೀಟಿಯನ್ನು ಎರಡು ರಟ್ಟುಗಳ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿಯನ್ನು ಕಾಪಾಡಿರಿ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಕಳುಹಿಸುವುದನ್ನು 1972ರ ಕಾಯಿದೆಯು ನಿಷೇಧಿಸಿದೆ. ಆದುದರಿಂದ ಬಹು ಹಳೆಯ ಕಾಗದಗಳನ್ನು ಪರದೇಶಕ್ಕೆ ಮಾರುವ ಮುಂಚೆ ತಿಳಿದವರನ್ನು ವಿಚಾರಿಸುವುದು ಲೇಸು.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ‘ನಿಮ್ಮ ಚೀಟಿಗೆ, ನಾಣ್ಯಕ್ಕೆ ಐದು ಲಕ್ಷ ಕೊಡುವೆವು, ಮೊದಲು ನೋಂದಣಿಯ ಫೀಯನ್ನೂ ತೆರಿಗೆಯನ್ನೂ ಕಳುಹಿಸಿರಿ’ ಎಂದು ಕರೆ ಬಂದರೆ ಅದು ಮೋಸವೆಂದು ನಿಶ್ಚಯವಾಗಿ ತಿಳಿಯಿರಿ. ಹಳೆಯ ನೋಟು ನಾಣ್ಯಗಳ ಹೆಸರಿನಲ್ಲಿ ಇಂಥ ವಂಚನೆ ನಡೆಯುತ್ತಿರುವುದನ್ನು ಕಂಡು ರಿಸರ್ವ್ ಬ್ಯಾಂಕೇ 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಹಣವನ್ನು ಪಡೆಯುವವರು ಮೊಬೈಲಿನಲ್ಲಿ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಒತ್ತಿದರೆ ಹಣವು ಬರುವುದಿಲ್ಲ, ಹೋಗುತ್ತದೆ. ಅಕಸ್ಮಾತ್ತಾಗಿ ವಂಚನೆಯಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೆ 1930ಕ್ಕೆ ಕರೆಮಾಡಿ ದೂರು ಕೊಡಿರಿ. ವಿಳಂಬವಾದಷ್ಟೂ ಹಣವು ಹಿಂದಿರುಗುವ ಆಶೆ ಕಡಿಮೆಯಾಗುವುದು.

ಮಕ್ಕಳು ಈ ಹವ್ಯಾಸದಲ್ಲಿ ಆಸಕ್ತಿ ತೋರಿದರೆ ಪಾಲಕರು ತಡೆಯಬಾರದೆಂದು ನಮ್ಮ ವಿನಂತಿ. ಆದರೆ ಹುಡುಗಿಯು ಲಿಲಾವಿನಿಂದಲ್ಲ, ಅಂಚೆ ಕಚೇರಿಯಿಂದ ಆರಂಭಿಸಲಿ. ಕನಿಷ್ಠ 200 ರೂಪಾಯಿ ಮುಂಗಡವಿಟ್ಟು ಅಂಚೆ ಇಲಾಖೆಯಲ್ಲಿ ಫಿಲಟೆಲಿ ಠೇವಣಿ ಖಾತೆಯನ್ನು ತೆರೆದರೆ ಹೊಸ ಚೀಟಿಗಳು ಮುಖಬೆಲೆಗೇ ದೊರೆಯುವವು, ಖೋಟಾದ ಭಯವಿಲ್ಲ. ಇಲಾಖೆಯು 2017ರಲ್ಲಿ ಆರಂಭಿಸಿದ ದೀನದಯಾಳ್ ಸ್ಪರ್ಶ್ ಯೋಜನೆಯು 6ರಿಂದ 9ನೆಯ ಇಯತ್ತೆಯವರಿಗೆ ವರ್ಷಕ್ಕೆ 6,000 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಗೊತ್ತುಮಾಡಿತು. ಅದಕ್ಕೆ ಓದಿನಲ್ಲಿ ಒಳ್ಳೆಯ ಅಂಕಗಳು ಬೇಕು. ಶಾಲೆಯ ಅಂಚೆಚೀಟಿ ಸಂಘದ ಸದಸ್ಯತ್ವವಾಗಲಿ ಸ್ವಂತ ಠೇವಣಿ ಖಾತೆಯಾಗಲಿ ಇರಬೇಕು. ಚೀಟಿಗಳ ಮೂಲಕ ಭೂಗೋಲವನ್ನೂ ಚರಿತ್ರೆಯನ್ನೂ ಕಲಿತ ಹುಡುಗಿಯು ಮುಂದೆ ಲಿಲಾವಿಗೆ ಇಳಿದಾಗ ಸುಲಭವಾಗಿ ಮೋಸಹೋಗಲಾರಳು.

ಕಡೆಯದಾಗಿ ಒಂದು ಮಾತು. ಅಗತ್ಯವಿದ್ದು ಮಾರುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಮಾರುವ ಮುಂಚೆ ಲಕೋಟೆಯೊಳಗಿನ ಕಾಗದವನ್ನು ಓದಿರಿ. ಅದನ್ನು ಪ್ರತಿಮಾಡಿ ಇಟ್ಟುಕೊಳ್ಳಿರಿ. ಚೀಟಿಯ ಬೆಲೆಯನ್ನು ದೂರದೇಶದ ಅಪರಿಚಿತರೂ ಕಟ್ಟಬಲ್ಲರು. ಅಜ್ಜನು ಅಜ್ಜಿಗೆ ಬರೆದ ಮಾತಿನ ಬೆಲೆಯನ್ನು ಆ ಮನೆಯವರಲ್ಲದೆ ಬೇರೆ ಯಾರು ಕಟ್ಟಬೇಕು?