ಕ್ಲೀನರ್ ಸೀಟು ಖಾಲಿಯಾದ ವರ್ಷ

ಕಲಬುರಗಿಯ ಹುಮನಾಬಾದ್ ಬೇಸ್‌ನಲ್ಲಿ ಮುಂಜಾನೆ ಹೊತ್ತು ನಿಂತರೆ ಮೊದಲು ಕಿವಿಗೆ ಬೀಳುವುದು ಕ್ಲೀನರ್ ಹುಡುಗರ ಕೂಗು. ‘ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!’ ತೊಗರಿ ಚೀಲ ಹೇರಿದ ಲಾರಿ ಹಿಂದಕ್ಕೆ ಸರಿಯುತ್ತಿರುತ್ತದೆ. ಹದಿನೆಂಟೋ ಇಪ್ಪತ್ತೋ ವಯಸ್ಸಿನ ಹುಡುಗ ಬಾಡಿಯ ತಗಡಿಗೆ ಅಂಗೈಯಿಂದ ಬಡಿಯುತ್ತ, ಗೋಡೆಗೂ ಗಾಡಿಗೂ ನಡುವೆ ಗೇಣು ಜಾಗ ಉಳಿದಾಗ ಎರಡು ಸಲ ಜೋರಾಗಿ ಬಡಿಯುತ್ತಾನೆ. ಡ್ರೈವರ್ ತಿರುಗಿ ನೋಡುವುದಿಲ್ಲ. ಆ ಬಡಿತದ ಮೇಲೆ ಅವನಿಗೆ ಅಷ್ಟು ನಂಬಿಕೆ. ಟೈರಿನ ಗಾಳಿ, ರೇಡಿಯೇಟರಿನ ನೀರು, ಸಡಿಲಾದ ನಟ್ಟು, ನಿದ್ದೆಗೆ ಜಾರುವ ಡ್ರೈವರನ ಜೊತೆ ಮಾತು, ಇಷ್ಟೂ ಆ ಎಡಗಡೆಯ ಸೀಟಿನವನ ಪಾಲು.

ನನ್ನ ಸ್ಕೂಟರ್ ರಿಪೇರಿ ಮಾಡುವ ಮಿಸ್ತ್ರಿ ಕಸುಬಿಗೆ ಬಿದ್ದದ್ದೂ ಹೀಗೆಯೇ, ಕ್ಲೀನರ್ ಆಗಿ. ಅವರ ಗ್ಯಾರೇಜಿನ ಗೋಡೆಯ ಮೇಲೆ ಹುಡುಗರು ಫಾರ್ಮುಲಾ ಒನ್ ಕಾರಿನ ಚಿತ್ರ ಅಂಟಿಸಿದ್ದಾರೆ. ಒಂದು ದಿನ ಪ್ಲಗ್ ಒರೆಸುತ್ತ ಅವರು ಕೇಳಿದರು: ‘ಈ ಗಾಡ್ಯಾಗ ಒಬ್ಬನೇ ಕುಂತಾನಲ್ರಿ ಸರ್, ಇವಂಗ ಕ್ಲೀನರ್ ಇಲ್ಲೇನು?’

ಇದ್ದ. ರೇಸಿನ ಕಾರುಗಳಲ್ಲಿ ಮೊದಮೊದಲು ಡ್ರೈವರನ ಪಕ್ಕಕ್ಕೆ ಅಂಥ ಒಬ್ಬ ಕೂತಿರುತ್ತಿದ್ದ. ಯೂರೋಪಿನ ಗ್ರ್ಯಾಂಡ್ ಪ್ರೀ ಪಂದ್ಯಗಳಲ್ಲಿ ಅವನನ್ನು ಇಳಿಸಿದ್ದು 1925ರಲ್ಲಿ. ಮೋಟಾರ್ ರೇಸಿಂಗ್‌ಗೆ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ಬಂದದ್ದೂ ಅದೇ ವರ್ಷ. ನೂರು ವರ್ಷ ದಾಟಿದ ಆ ಹಂಗಾಮಿನ ಕತೆ ನನಗೆ ಬಹಳ ಪ್ರೀತಿಯದು. ಅದನ್ನು ಗ್ಯಾರೇಜಿನ ಕಡೆಯಿಂದಲೇ ಹೇಳಬೇಕು.

ಪಕ್ಕದಲ್ಲಿ ಕೂತ ಮೆಕ್ಯಾನಿಕ್‌ನ ಕೆಲಸ ನಮ್ಮ ಕ್ಲೀನರನ ಕೆಲಸವೇ. ಕೈಪಂಪಿನಿಂದ ಒತ್ತಡ ಏರಿಸುವುದು, ಎಣ್ಣೆಯ ಮುಳ್ಳಿನ ಮೇಲೆ ಕಣ್ಣಿಡುವುದು, ಹಿಂದಿನಿಂದ ಯಾರಾದರೂ ಮುಂದೆ ಹೋಗಲು ಬಂದರೆ ಡ್ರೈವರನ ಭುಜ ತಟ್ಟುವುದು, ಟೈರ್ ಒಡೆದರೆ ಹಾರಿ ಇಳಿದು ಬದಲಿಸುವುದು. 1924ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದ ಪಂದ್ಯದಲ್ಲಿ ಇಟಲಿಯ ಆಲ್ಫಾ ರೋಮಿಯೊ ಕಾರು ಓಡಿಸುತ್ತಿದ್ದವನು ಆಂಟೋನಿಯೊ ಅಸ್ಕಾರಿ, ಪಕ್ಕದಲ್ಲಿ ಜೂಲಿಯೊ ರಾಂಪೋನಿ. ಪಂದ್ಯ ಮುಗಿಯಲು ಇನ್ನೇನು ಕೆಲವೇ ಸುತ್ತು ಬಾಕಿ, ಮೊದಲ ಸ್ಥಾನದಲ್ಲಿದ್ದ ಕಾರು ಕೆಟ್ಟು ನಿಂತಿತು. ರಾಂಪೋನಿ ಕೆಳಗಿಳಿದು ಹ್ಯಾಂಡಲ್ ಹಾಕಿ ತಿರುಗಿಸಿದ. ತಿರುಗಿಸಿದ, ಮತ್ತೂ ತಿರುಗಿಸಿದ. ರಟ್ಟೆ ಸೋತು ನೆಲಕ್ಕೆ ಬೀಳುವ ತನಕ ತಿರುಗಿಸಿದ. ಎಂಜಿನ್ ಉಸಿರೆತ್ತಲಿಲ್ಲ. ಗೆಲುವು ಅದೇ ಕಂಪನಿಯ ಮತ್ತೊಬ್ಬ ಡ್ರೈವರ್ ಜುಸೆಪ್ಪೆ ಕಂಪಾರಿಯ ಪಾಲಾಯಿತು. ಹಳೆ ಜೀಪಿಗೆ ಹ್ಯಾಂಡಲ್ ಹೊಡೆದವರಿಗೆ ಆ ಹುಡುಗನ ತೋಳಿನ ನೋವು ಏನೆಂದು ಗೊತ್ತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ಪಂದ್ಯದಲ್ಲಿ ಕೆನೆಲ್ಮ್ ಲೀ ಗಿನ್ನೆಸ್ ಎಂಬ ಡ್ರೈವರನ ಕಾರು ಉರುಳಿ, ಪಕ್ಕದಲ್ಲಿದ್ದ ಮೆಕ್ಯಾನಿಕ್ ಟಾಮ್ ಬ್ಯಾರೆಟ್ ಸತ್ತ. ಸ್ಟೀರಿಂಗ್ ಹಿಡಿಯದ, ಬ್ರೇಕ್ ತುಳಿಯದ ಮನುಷ್ಯ ಇನ್ನೊಬ್ಬನ ಕೈಯೊಳಗಿನ ವೇಗಕ್ಕೆ ಜೀವ ಕೊಟ್ಟಿದ್ದ. 1925ರಿಂದ ಮೆಕ್ಯಾನಿಕ್ ಪಕ್ಕದಲ್ಲಿ ಕೂರುವಂತಿಲ್ಲ ಎಂದು ನಿಯಮ ಬಂತು. ಕಾರಿನ ಅಗಲ ಮಾತ್ರ ಇಬ್ಬರಿಗೆ ಸಾಲುವಷ್ಟು ಇರಲೇಬೇಕಿತ್ತು. ಅಂದರೆ ಸೀಟಿನ ಜಾಗ ಹಾಗೇ ಉಳಿಯಿತು, ಕೂರುವವನು ಹೋದ. ಅವನು ಹಿಂದೆ ನೋಡಿ ಹೇಳುತ್ತಿದ್ದುದನ್ನು ಹೇಳಲು ಒಂದು ಕನ್ನಡಿ ಬಂತು.

ಇನ್ನು ಚಾಂಪಿಯನ್‌ಷಿಪ್. ಅದನ್ನು ಹುಟ್ಟುಹಾಕಿದ್ದು ಪ್ಯಾರಿಸ್ಸಿನಲ್ಲಿ 1904ರಲ್ಲಿ ಶುರುವಾಗಿದ್ದ, ನಾನಾ ದೇಶಗಳ ಆಟೊಮೊಬೈಲ್ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟ. ಇವತ್ತು ಫಾರ್ಮುಲಾ ಒನ್ ನಡೆಸುವ ಎಫ್‌ಐಎ ಅದರದೇ ಮುಂದುವರಿಕೆ. ಅಮೆರಿಕದ ಇಂಡಿಯಾನಾಪೊಲಿಸ್, ಬೆಲ್ಜಿಯಂನ ಸ್ಪಾ, ಫ್ರಾನ್ಸಿನ ಮೊಂಟ್ಲೆರಿ, ಇಟಲಿಯ ಮೊಂಜಾ, ಹೀಗೆ ನಾಲ್ಕೇ ಪಂದ್ಯ. ಎಂಜಿನ್ ಎರಡು ಲೀಟರ್ ಮೀರುವಂತಿಲ್ಲ. ಲೆಕ್ಕ ಈಗಿನದಕ್ಕೆ ತಿರುವುಮುರುವು: ಗೆದ್ದವರಿಗೆ 1 ಅಂಕ, ಎರಡನೆಯವರಿಗೆ 2, ಮೂರನೆಯವರಿಗೆ 3, ಕೊನೆಗೆ ಯಾರ ಅಂಕ ಕಡಿಮೆಯೋ ಅವರೇ ಚಾಂಪಿಯನ್. ಮುಖ್ಯವಾದ ಮಾತೆಂದರೆ ಈ ಕಿರೀಟ ಡ್ರೈವರನಿಗೆ ಇರಲೇ ಇಲ್ಲ, ಕಾರು ಮಾಡಿದ ಕಾರ್ಖಾನೆಗೆ ಇತ್ತು. ಎರಕ ಹೊಯ್ದವರು, ವಾಲ್ವ್ ಉಜ್ಜಿದವರು, ರಾತ್ರಿಯಿಡೀ ಗ್ಯಾಸ್ಕೆಟ್ ಕೂರಿಸಿದವರು, ಎಲ್ಲರಿಗೂ ಸೇರಿ ಒಂದು ಕಿರೀಟ. ಮೊದಲ ಹಂಗಾಮಿನ ಆ ತೀರ್ಮಾನ ಬಹಳ ನ್ಯಾಯದ್ದು ಎಂದು ನನಗೆ ಅನ್ನಿಸುತ್ತದೆ.

ಮೊದಲ ಪಂದ್ಯ ಮೇ 30ರಂದು, ಇಂಡಿಯಾನಾಪೊಲಿಸ್‌ನ ಇಟ್ಟಿಗೆ ಹಾಸಿದ ಟ್ರ್ಯಾಕಿನ ಮೇಲೆ. 500 ಮೈಲಿ. ಗೆದ್ದವನು ಪೀಟರ್ ಡಿಪಾವೊಲೊ, ಕಾರು ಡ್ಯೂಸೆನ್‌ಬರ್ಗ್. ಬಣ್ಣ ಹಳದಿಯಾದ್ದರಿಂದ ಆ ಕಾರಿಗೆ ಬಿದ್ದ ಅಡ್ಡಹೆಸರು ‘ಬಾಳೆಹಣ್ಣಿನ ಬಂಡಿ’! ಇದನ್ನು ಓದಿದಾಗ ನನಗೆ ನೆನಪಾದದ್ದು ಕಮಲಾಪುರ. ಕಲಬುರಗಿಯಿಂದ ಕಪನೂರ, ಮಹಾಗಾಂವ ಕ್ರಾಸ್ ದಾಟಿ ಹುಮನಾಬಾದ್ ರಸ್ತೆಯಲ್ಲಿ ಮುಂದೆ ಹೋದರೆ ಕಪ್ಪು ನೆಲ ನಿಧಾನಕ್ಕೆ ಕೆಂಪಿಗೆ ತಿರುಗುತ್ತದೆ, ಗುಡ್ಡ ಎದುರಾಗುತ್ತದೆ, ರಸ್ತೆ ಬದಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಕೆಂಪು ಬಾಳೆ ತೂಗುತ್ತಿರುತ್ತದೆ. ಮೋಟುದ್ದ, ದಪ್ಪ, ಹಳೆಯ ಕಾರಿನ ಬಣ್ಣದಂಥ ಗಾಢ ಕೆಂಪು ಸಿಪ್ಪೆ. ಡಿಪಾವೊಲೊ ಈ ದಾರಿಯಲ್ಲಿ ಬಂದಿದ್ದರೆ ಆಲ್ಫಾ ರೋಮಿಯೊದ ಕೆಂಪು ಕಾರುಗಳಿಗೆ ಏನು ಹೆಸರಿಡುತ್ತಿದ್ದನೋ! ಆವತ್ತು ಅವನ ಅಂಗೈಗಳಲ್ಲಿ ಬೊಬ್ಬೆ ಎದ್ದು ಸ್ಟೀರಿಂಗ್ ಹಿಡಿಯಲಾಗದೆ ನಡುವೆ ಇಳಿಯಬೇಕಾಯಿತು. ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ನಾರ್ಮನ್ ಬ್ಯಾಟನ್ ಎಂಬ ಜೊತೆಗಾರ ಇಪ್ಪತ್ತಕ್ಕೂ ಹೆಚ್ಚು ಸುತ್ತು ಕಾರನ್ನು ಓಡಿಸಿಕೊಟ್ಟ. ಮತ್ತೆ ಹತ್ತಿದ ಡಿಪಾವೊಲೊ ಐದು ತಾಸಿನೊಳಗೆ ಪಂದ್ಯ ಮುಗಿಸಿದ. ಗಂಟೆಗೆ ನೂರು ಮೈಲಿಗೂ ಮೀರಿದ ಸರಾಸರಿ, ಅಂದರೆ 163 ಕಿ.ಮೀ. ಹತ್ತಿರ. ಆ ಪಂದ್ಯದಲ್ಲಿ ಅಲ್ಲಿಯತನಕ ಯಾರೂ ಮಾಡಿರದ ಸಾಧನೆ.

ಜೂನ್ 28, ಸ್ಪಾ. ಇಲ್ಲಿ ಟ್ರ್ಯಾಕ್ ಎಂದರೆ ಮೂರು ಊರುಗಳ ನಡುವಿನ ಸುಮಾರು 15 ಕಿ.ಮೀ.ಯ ಮಾಮೂಲಿ ರಸ್ತೆ. ಅದನ್ನೇ ಐವತ್ತನಾಲ್ಕು ಸಲ ಸುತ್ತಬೇಕು. ಕಲಬುರಗಿಯಿಂದ ಕಮಲಾಪುರಕ್ಕೆ ಹತ್ತು ಸಲ ಹೋಗಿಬಂದರೂ ಅಷ್ಟು ದೂರ ಆಗಲಿಕ್ಕಿಲ್ಲ. ಕಣದಲ್ಲಿ ಏಳೇ ಕಾರು: ಇಟಲಿಯ ಮೂರು ಕೆಂಪು ಆಲ್ಫಾ, ಫ್ರಾನ್ಸಿನ ನಾಲ್ಕು ನೀಲಿ ದೆಲಾಜ್. ಆಗ ಕಾರಿನ ಬಣ್ಣ ಕಂಪನಿಯದಲ್ಲ, ದೇಶದ್ದು. ಇಟಲಿ ಕೆಂಪು, ಫ್ರಾನ್ಸ್ ನೀಲಿ, ಇಂಗ್ಲೆಂಡ್ ಹಸಿರು, ಜರ್ಮನಿ ಬಿಳಿ.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾರಹುಣ್ಣಿಮೆ ದಿನ ಕೋಡಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಊರ ಅಗಸಿಯ ಮುಂದೆ ಎತ್ತು ಓಡಿಸುತ್ತಾರೆ. ಅಡ್ಡ ಕಟ್ಟಿದ ಕರಿಯನ್ನು ಕೆಂದೆತ್ತು ಹರಿದರೆ ಮುಂಗಾರಿ ಪೀಕು ಚಲೊ, ಬಿಳಿ ಎತ್ತು ಹರಿದರೆ ಹಿಂಗಾರಿ ಚಲೊ. ಓಡುವುದು ಒಂದು ಎತ್ತು, ಎದೆ ಬಡಿದುಕೊಳ್ಳುವುದು ಇಡೀ ಊರಿನದು. ಸ್ಪಾದಲ್ಲಿಯೂ ಜನ ಬಣ್ಣ ನೋಡುತ್ತಿದ್ದರು. ನಾಲ್ಕೂ ನೀಲಿ ಕಾರು ಒಂದರ ಹಿಂದೆ ಒಂದು ಕೆಟ್ಟು ನಿಂತವು. ಒಂದು ಕೆಂಪು ಕಾರೂ ನಿಂತಿತು. ಉಳಿದದ್ದು ಅಸ್ಕಾರಿ ಮತ್ತು ಕಂಪಾರಿಯ ಎರಡು ಆಲ್ಫಾ ಮಾತ್ರ. ಎದುರಾಳಿಯೇ ಇಲ್ಲದ ಓಟ ನೋಡಿ ಜನ ಸಿಳ್ಳೆ ಹೊಡೆದು ಹೀಯಾಳಿಸತೊಡಗಿದರು. ಆಗ ಆಲ್ಫಾದ ಎಂಜಿನಿಯರ್ ವಿತ್ತೋರಿಯೊ ಯಾನೊ ಇಬ್ಬರನ್ನೂ ಪಿಟ್‌ಗೆ ಕರೆಸಿ, ಮೇಜು ಹಾಕಿಸಿ ಊಟಕ್ಕೆ ಕೂರಿಸಿದನಂತೆ. ಅವರು ಉಣ್ಣುವ ತನಕ ಮೆಕ್ಯಾನಿಕ್‌ಗಳು ಕಾರುಗಳನ್ನು ಒರೆಸಿ ಫಳಫಳ ಹೊಳೆಯುವಂತೆ ಮಾಡಿದರಂತೆ. ರೇಸಿಂಗ್ ಲೋಕದಲ್ಲಿ ನೂರು ವರ್ಷದಿಂದ ಹೇಳುತ್ತ ಬಂದ ಕತೆ ಇದು. ಅಸ್ಕಾರಿ ಗೆದ್ದ, ಕಂಪಾರಿ ಎರಡನೆಯವನಾದ, ಮೂರನೆಯ ಕಾರು ಗುರಿ ಮುಟ್ಟಲೇ ಇಲ್ಲ.

ಆ ಕೆಂಪು ಕಾರಿನ ಹೆಸರು ಪಿ2. ಫಿಯೆಟ್ ಕಂಪನಿಯಲ್ಲಿದ್ದ ಯಾನೊನನ್ನು 1923ರಲ್ಲಿ ಆಲ್ಫಾಕ್ಕೆ ಎಳೆದು ತಂದವನು ಆಗ ಅಲ್ಲಿ ಡ್ರೈವರ್ ಆಗಿದ್ದ ಎಂಜೊ ಫೆರಾರಿ. ಯಾನೊ ಕಟ್ಟಿದ ಎಂಜಿನ್ 1987 ಸಿಸಿಯದು, ಸಾಲಾಗಿ ಎಂಟು ಸಿಲಿಂಡರ್. ಅದರ ಗುಟ್ಟು ಸೂಪರ್‌ಚಾರ್ಜರ್. ಕಮ್ಮಾರನ ತಿದಿ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಒಲೆಗೆ ತನ್ನಷ್ಟಕ್ಕೆ ಬರುವ ಗಾಳಿ ಸಾಲದು, ಒತ್ತಿ ಊದಬೇಕು. ಗಾಳಿ ಹೆಚ್ಚಿದಂತೆ ಹೆಚ್ಚು ಇಂಧನ ಉರಿಯುತ್ತದೆ. ನಮ್ಮ ಹಳೆಯ ಅಂಬಾಸಡರಿನ ಒಂದೂವರೆ ಲೀಟರ್ ಎಂಜಿನ್ ಕೊಡುತ್ತಿದ್ದುದು 50 ಅಶ್ವಶಕ್ತಿಯ ಆಸುಪಾಸು. ಅದಕ್ಕೂ ಮೂವತ್ತು ವರ್ಷ ಮೊದಲು, ಅರ್ಧ ಲೀಟರಷ್ಟೇ ದೊಡ್ಡದಾದ ಎಂಜಿನ್ನಿನಿಂದ ಯಾನೊ 150ರಷ್ಟು ತೆಗೆದಿದ್ದ. ಗ್ಯಾರೇಜಿನಲ್ಲಿ ಈ ಲೆಕ್ಕ ಹೇಳಿದಾಗ ಮಿಸ್ತ್ರಿ ಪಾನಾ ಕೆಳಗಿಟ್ಟು, ‘ಇನ್ನೊಮ್ಮೆ ಹೇಳ್ರಿ’ ಅಂದರು.

ಜುಲೈ 26. ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಮೊಂಟ್ಲೆರಿ, ಹಿಂದಿನ ವರ್ಷವಷ್ಟೇ ತೆರೆದ ಹೊಸ ಟ್ರ್ಯಾಕ್. 1000 ಕಿ.ಮೀ. ಪಂದ್ಯ. ಅಸ್ಕಾರಿ ಮೊದಲಿನಿಂದಲೂ ಮುಂದಿದ್ದ. ಅವನು ಧಾನ್ಯದ ವ್ಯಾಪಾರಿಯೊಬ್ಬನ ಮಗ, ನಮ್ಮ ನೆಹರೂ ಗಂಜಿನ ಅಡತಿಯವರ ಮನೆಯ ಹುಡುಗನ ಹಾಗೆ. ವಯಸ್ಸು ಮೂವತ್ತಾರು. ಇಪ್ಪತ್ತಮೂರನೆಯ ಸುತ್ತಿನಲ್ಲಿ ಎಡಕ್ಕೆ ಹೊರಳುವ ತಿರುವೊಂದರಲ್ಲಿ ಕಾರಿನ ಗಾಲಿ ರಸ್ತೆ ಬದಿಯ ಮರದ ಗೂಟದ ಬೇಲಿಗೆ ತಾಗಿತು. ಬೇಲಿ ಕಿತ್ತುಬಂತು, ಕಾರು ಮಗುಚಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಅವನು ತೀರಿಕೊಂಡ.

ಸುದ್ದಿ ತಿಳಿದ ಆಲ್ಫಾದವರು ಓಡುತ್ತಿದ್ದ ಉಳಿದೆರಡು ಕಾರನ್ನೂ ಕಣದಿಂದ ಹಿಂದಕ್ಕೆ ಕರೆದುಕೊಂಡರು. ಮೊದಲ ಸ್ಥಾನ ಕೈಯಲ್ಲಿತ್ತು, ಚಾಂಪಿಯನ್‌ಷಿಪ್ಪಿನ ಅಂಕವೂ ಇತ್ತು. ಅದ್ಯಾವುದನ್ನೂ ನೋಡಲಿಲ್ಲ. ಒಂದು ಕಾರ್ಖಾನೆ ತನ್ನ ಮನುಷ್ಯನಿಗೆ ತೋರಿದ ಈ ಗೌರವವೇ ಆ ಇಡೀ ಹಂಗಾಮಿನಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು. ಪಂದ್ಯ ಗೆದ್ದ ದೆಲಾಜ್‌ನ ರಾಬರ್ಟ್ ಬೆನೊಯಿಸ್ಟ್ ತನಗೆ ಹಾಕಿದ ಹಾರವನ್ನು ಅಸ್ಕಾರಿ ಬಿದ್ದ ಜಾಗಕ್ಕೆ ಒಯ್ದು ಅರ್ಪಿಸಿದ. ಈ ಬೆನೊಯಿಸ್ಟ್ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಯ ವಿರುದ್ಧ ಗುಪ್ತವಾಗಿ ಹೋರಾಡಿ ಸಿಕ್ಕಿಬಿದ್ದ. 1944ರಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ಅವನನ್ನು ಕೊಂದರು.

ಸೆಪ್ಟೆಂಬರ್ 6ರ ಮೊಂಜಾ ಪಂದ್ಯಕ್ಕೆ ದೆಲಾಜ್ ಬರಲೇ ಇಲ್ಲ. ಆಲ್ಫಾಕ್ಕೆ ಎದುರಾಗಿ ಅಮೆರಿಕದಿಂದ ಡ್ಯೂಸೆನ್‌ಬರ್ಗ್ ಬಂದಿತ್ತು. ಆದರೆ ಬಾಳೆಹಣ್ಣಿನ ಬಂಡಿಯ ಡಿಪಾವೊಲೊ ಈ ಸಲ ಕೂತದ್ದು ಆಲ್ಫಾದ ಕೆಂಪು ಕಾರಿನಲ್ಲಿ! 800 ಕಿ.ಮೀ. ಓಡಿ ಗೆದ್ದವನು ಗಸ್ತೋನೆ ಬ್ರಿಲ್ಲಿ-ಪೆರಿ, ಎರಡನೆಯವನು ಕಂಪಾರಿ. ಆಲ್ಫಾ ರೋಮಿಯೊ ವಿಶ್ವದ ಮೊದಲ ಚಾಂಪಿಯನ್ ಆಯಿತು. ಕಂಪನಿಯ ಲಾಂಛನದ ಸುತ್ತ ಲಾರೆಲ್ ಎಲೆಯ ಮಾಲೆ ಬಂತು.

ಆ ಹೊತ್ತಿಗೆ ನಮ್ಮ ಗುಲ್ಬರ್ಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂಬೈ–ಮದ್ರಾಸ್ ರೈಲು ಅರ್ಧ ಶತಮಾನದಿಂದ ಓಡುತ್ತಿತ್ತು, ಆದರೆ ರಸ್ತೆಯ ದೊರೆ ಎತ್ತಿನ ಬಂಡಿಯೇ. ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿದ್ದು 1932ರಲ್ಲಿ. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆಯ ಬಸ್ಸು ಇವತ್ತು ಕಮಲಾಪುರಕ್ಕೆ ಹೋಗುವುದನ್ನು ನೋಡಿದಾಗ ನನಗೆ ಈ ಎರಡು ಇಸವಿಗಳ ನಡುವಿನ ಏಳು ವರ್ಷ ನೆನಪಾಗುತ್ತದೆ.

ಕಾರ್ಖಾನೆಗಳ ಆ ಚಾಂಪಿಯನ್‌ಷಿಪ್ ಹೆಚ್ಚು ದಿನ ಬಾಳಲಿಲ್ಲ. 1926ರಲ್ಲಿ ಬುಗಾಟಿ, 1927ರಲ್ಲಿ ದೆಲಾಜ್ ಗೆದ್ದವು, ಆಮೇಲೆ ನಿಂತಿತು. ಡ್ರೈವರುಗಳ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಬಂತು. 1952 ಮತ್ತು 1953ರಲ್ಲಿ ಅದನ್ನು ಗೆದ್ದವನ ಹೆಸರು ಅಲ್ಬರ್ಟೊ ಅಸ್ಕಾರಿ. ಮೊಂಟ್ಲೆರಿಯಲ್ಲಿ ಅಪ್ಪ ಸತ್ತಾಗ ಏಳು ತುಂಬಿ ಎರಡು ವಾರವೂ ಆಗಿರದಿದ್ದ ಹುಡುಗ. ಅವನೂ ಮೂವತ್ತಾರನೆಯ ವಯಸ್ಸಿನಲ್ಲೇ, 1955ರಲ್ಲಿ, ಮೊಂಜಾದಲ್ಲಿ ಕಾರು ಓಡಿಸುವಾಗ ಸತ್ತ. ಆ ಮೊದಲ ಹಂಗಾಮಿಗೆ ಸರಿಯಾಗಿ ನೂರು ವರ್ಷವಾದಾಗ, 2025ರ ಮೇ ತಿಂಗಳಲ್ಲಿ, ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದು ಅಲ್ಲಿ ನಮ್ಮ ರಾಷ್ಟ್ರಗೀತೆ ಮೊಳಗಿಸಿದ.

ಇಷ್ಟನ್ನೂ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಹೇಳಿದೆ. ಹುಡುಗರು ಗೋಡೆಯ ಚಿತ್ರ ನೋಡುತ್ತಿದ್ದರು. ಮಿಸ್ತ್ರಿ ಪ್ಲಗ್ ಹಾಕಿ, ಪಾನಾದಿಂದ ಕೊನೆಯ ಸುತ್ತು ಬಿಗಿದು, ಕೈ ಒರೆಸಿಕೊಂಡರು.

‘ಅಲ್ರೀ ಸರ್, ಹ್ಯಾಂಡಲ್ ಹೊಡೆದು ಹೊಡೆದು ಬಿದ್ದನಲ್ಲ, ಆ ಹುಡುಗ. ಅಸ್ಕಾರಿ ಗಾಡಿ ಮಗುಚಿದಾಗ ಅವ ಒಳಗ ಇದ್ದನೇನ್ರಿ?’

‘ಇರಲಿಲ್ಲ. ಅದೇ ವರ್ಷ ಇಳಿಸಿದ್ರಲ್ಲ. ಮುಂದೆ ಇಂಗ್ಲೆಂಡಿಗೆ ಹೋಗಿ ದೊಡ್ಡ ಮೆಕ್ಯಾನಿಕ್ ಆದ. ತಾನೂ ಆಲ್ಫಾ ಓಡಿಸಿ ಪಂದ್ಯ ಗೆದ್ದ. ಎಂಬತ್ತು ದಾಟಿ ಬದುಕಿದ.’

‘ಉಳದ ಅಲ್ಲ, ಚಲೊ ಆತು ಬಿಡ್ರಿ’ ಎಂದು ಮಿಸ್ತ್ರಿ ಕಿಕ್ ಹೊಡೆದರು. ಸ್ಕೂಟರ್ ಒಂದೇ ಏಟಿಗೆ ಶುರುವಾಯಿತು.