ಧ್ವಜದಿಂದ ಹಿಂದಕ್ಕೆ ಲೆಕ್ಕ: ಕೊಡೈಕೆನಾಲ್ ಬೆಟ್ಟದಲ್ಲಿ ಗಾಲ್ಫ್ ಆಡುವ ಬಗೆ

ಪಳನಿ ಎಂದೊಡನೆ ನಮಗೆ ನೆನಪಾಗುವುದು ಗುಡ್ಡದ ಮೇಲಿನ ಮುರುಗನ ಗುಡಿ, ಬಾಳೆಹಣ್ಣಿನ ಪಂಚಾಮೃತ. ಆ ಊರಿನ ದಕ್ಷಿಣಕ್ಕೆ ಗೋಡೆಯಂತೆ ಎದ್ದಿರುವ ಪಳನಿ ಬೆಟ್ಟಸಾಲಿನ ನೆತ್ತಿಯಲ್ಲಿ ಕೊಡೈಕೆನಾಲ್ ಇದೆ. ಅಲ್ಲಿಂದ ಪಿಲ್ಲರ್ ರಾಕ್ಸ್ ಕಡೆಗೆ ಹೋಗುವ ದಾರಿಯಲ್ಲಿ 1895ರಲ್ಲಿ ಶುರುವಾದ ಗಾಲ್ಫ್ ಕ್ಲಬ್ಬಿದೆ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬಿಗಿಂತ (1876) ಹತ್ತೊಂಬತ್ತು ವರ್ಷ ಚಿಕ್ಕದು. 18 ಹೋಲ್‌ಗಳ ಈ ಕೋರ್ಸ್ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ಬಯಲುಸೀಮೆಯ ಕೋರ್ಸಿನಲ್ಲಿ ಆಡಿ ರೂಢಿಯಾದವರು ಇಲ್ಲಿಗೆ ಬಂದರೆ ಮೊದಲ ದಿನ ತಬ್ಬಿಬ್ಬಾಗುತ್ತಾರೆ. ಹೊಡೆತ ಅದೇ, ಕೋಲು ಅದೇ, ಆದರೆ ಚೆಂಡು ಬೇರೆಲ್ಲೋ ಹೋಗಿ ನಿಲ್ಲುತ್ತದೆ. ಏಕೆ ಹೀಗಾಗುತ್ತದೆ, ಬೆಟ್ಟದ ಹೋಲನ್ನು ಹೇಗೆ ಯೋಚಿಸಿ ಆಡಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಟೀ ಎಂಬ ಜಾಗದಿಂದ ಹೊಡೆಯಲು ಶುರುಮಾಡಿ, ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ದಾರಿಯಲ್ಲಿ ಸಾಗಿ, ಗ್ರೀನ್ ಎಂಬ ನುಣ್ಣನೆಯ ಹುಲ್ಲಿನ ಮೇಲಿರುವ 108 ಮಿಲಿಮೀಟರ್ ಅಗಲದ ಕುಳಿಗೆ ಚೆಂಡು ಸೇರಿಸಬೇಕು. ಕುಳಿ ಎಲ್ಲಿದೆ ಎಂದು ತೋರಿಸಲು ಅದರಲ್ಲಿ ಧ್ವಜ ನೆಟ್ಟಿರುತ್ತದೆ. ನುರಿತವರಿಗೆ ಎಷ್ಟು ಹೊಡೆತ ಬೇಕು ಎಂಬ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ 3, 4 ಅಥವಾ 5. ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳಿಗೆ ಅವಕಾಶ. ಎಲ್ಲಕ್ಕಿಂತ ದೂರ ಹೊಡೆಯುವುದು ಡ್ರೈವರ್, ಗ್ರೀನ್ ಮೇಲೆ ಉರುಳಿಸುವುದು ಪಟ್ಟರ್; ಆ ಉರುಳಿಸುವ ಹೊಡೆತವೇ ಪಟ್.

ಮೊದಲು ಸರಿಮಾಡಿಕೊಳ್ಳಬೇಕಾದದ್ದು ಪಾರ್ ಎಂಬ ಈ ಅಂಕಿಯನ್ನೇ. ಸ್ಕೋರ್‌ಕಾರ್ಡಿನಲ್ಲಿ ಅಚ್ಚಾಗಿರುವ ಪಾರ್ ನುರಿತವರದ್ದು, ನಿಮ್ಮದಲ್ಲ. ನಿಮ್ಮ ಹ್ಯಾಂಡಿಕ್ಯಾಪ್ (ಪಾರ್‌ಗಿಂತ ಹೆಚ್ಚಾಗಿ ನಿಮಗೆ ಸಿಗುವ ಹೊಡೆತಗಳ ಲೆಕ್ಕ) 18 ಆಗಿದ್ದರೆ ಪ್ರತಿ ಹೋಲಿನಲ್ಲೂ ಆಟವೇ ನಿಮಗೊಂದು ಹೊಡೆತ ಹೆಚ್ಚು ಕೊಟ್ಟಿದೆ. ಹಾಗಾಗಿ ಪಾರ್ 4 ನಿಮಗೆ ಪಾರ್ 5. ಇದು ಸಮಾಧಾನದ ಮಾತಲ್ಲ, ಯೋಜನೆಯ ತಳಪಾಯ. ಐದು ಹೊಡೆತವಿದೆ ಎಂದುಕೊಂಡು ಟೀ ಮೇಲೆ ನಿಂತವರು ಮೂರರಲ್ಲಿ ಗ್ರೀನ್ ತಲುಪಿ ಎರಡು ಪಟ್ಟಿನಲ್ಲಿ ಮುಗಿಸುತ್ತಾರೆ. ನಾಲ್ಕೇ ಇದೆ ಎಂದುಕೊಂಡವರು ಎರಡನೆಯ ಹೊಡೆತದಲ್ಲಿ ಕೈಲಾಗದ್ದನ್ನು ಮಾಡಹೋಗಿ ಏಳಕ್ಕೆ ಬರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಗಾಲ್ಫಿಗೆ ಹೊಂದುವಷ್ಟು ಬೇರೆ ಯಾವ ಆಟಕ್ಕೂ ಹೊಂದಲಾರದು.

ಎರಡನೆಯದು, ಹೋಲನ್ನು ಧ್ವಜದಿಂದ ಹಿಂದಕ್ಕೆ ಓದುವುದು. ಟೀ ಮೇಲೆ ನಿಂತಾಗ ಎಲ್ಲರ ಕಣ್ಣೂ ಮುಂದಿನ ಫೇರ್‌ವೇ ಮೇಲಿರುತ್ತದೆ, ಕೈ ತಾನಾಗಿ ಡ್ರೈವರ್ ಹುಡುಕುತ್ತದೆ. ಅದರ ಬದಲು ಗ್ರೀನಿನಿಂದ ಶುರುಮಾಡಿ. ಕುಳಿಗೆ ಯಾವ ಕಡೆಯಿಂದ ಪಟ್ ಮಾಡಿದರೆ ಸುಲಭ? ಕೆಳಗಿನಿಂದ, ಏರುಮುಖವಾಗಿ. ಹಾಗಾದರೆ ಚೆಂಡು ಕುಳಿಯ ಕೆಳಬದಿಗೆ ಬಂದು ನಿಲ್ಲಬೇಕು. ಅಲ್ಲಿಗೆ ಎಲ್ಲಿಂದ ಹೊಡೆಯಬೇಕು? ನಿಮಗೆ ಅತಿ ನಂಬಿಕೆಯಿರುವ ಕೋಲಿನ ದೂರದಿಂದ. ಆ ಜಾಗಕ್ಕೆ ಹೇಗೆ ಬರಬೇಕು? ಹೀಗೆ ಹಿಂದಕ್ಕೆ ಬರುತ್ತ ಬಂದರೆ ಟೀ ಮೇಲೆ ಯಾವ ಕೋಲು ಹಿಡಿಯಬೇಕೆಂಬುದು ಕೊನೆಯಲ್ಲಿ ತಾನಾಗಿ ಹೊರಬೀಳುತ್ತದೆ.

ಒಂದು ಹೋಲನ್ನು ಊಹಿಸಿಕೊಳ್ಳೋಣ. 380 ಗಜ, ಪಾರ್ 4. ಗ್ರೀನ್ ಟೀಗಿಂತ 10 ಗಜ ಎತ್ತರದಲ್ಲಿದೆ. ಫೇರ್‌ವೇ ಬಲದಿಂದ ಎಡಕ್ಕೆ ವಾಲಿದೆ, ಗ್ರೀನಿನ ಎಡಕ್ಕೆ ಕಡಿದಾದ ಇಳಿಜಾರು. ಒಂದು ಗಜ ಏರಿಗೆ ಒಂದು ಗಜ ದೂರ ಸೇರಿಸುವುದು ಆಟಗಾರರ ಒರಟು ಲೆಕ್ಕ; ಆದ್ದರಿಂದ ಇದು 390 ಗಜದ ಹೋಲ್. ನಿಮ್ಮ ಒಳ್ಳೆಯ ಡ್ರೈವ್ 200 ಗಜ ಎನ್ನಿ. ಉಳಿದ 190 ಗಜವನ್ನು ವಾಲಿದ ನೆಲದ ಮೇಲೆ ನಿಂತು, ಉದ್ದದ ಕೋಲಿನಿಂದ, ಎಡಗಡೆಯ ಇಳಿಜಾರನ್ನು ತಪ್ಪಿಸಿ ಹೊಡೆಯುವುದು ಹತ್ತರಲ್ಲಿ ಒಂದೆರಡು ಸಲ ಕೈಗೂಡಬಹುದು. ಅದೇ ಹೋಲನ್ನು 170, 130, 90 ಎಂದು ಮೂರು ಪಾಲು ಮಾಡಿ ನೋಡಿ. ಮೂರೂ ನಿಮ್ಮ ಕೈಗೆಟುಕುವ ಹೊಡೆತಗಳೇ. ಜೊತೆಗೆ 170 ಗಜಕ್ಕೆ ಹಿಡಿಯುವ ಕೋಲು ಡ್ರೈವರಿಗಿಂತ ಚೆಂಡನ್ನು ಹೆಚ್ಚು ಕಡಿದಾಗಿ ಇಳಿಸುತ್ತದೆ. ವಾಲಿದ ಫೇರ್‌ವೇಯಲ್ಲಿ ಅಂಥ ಚೆಂಡು ಕಡಿಮೆ ಉರುಳುತ್ತದೆ, ಎಡಗಡೆಯ ರಫ್ ಎಂಬ ಉದ್ದ ಹುಲ್ಲನ್ನು ಸೇರುವುದು ತಪ್ಪುತ್ತದೆ.

ಗುರಿ ಇಡುವಾಗ ಇನ್ನೊಂದು ಎಚ್ಚರ ಬೇಕು. ನಮ್ಮ ಹೊಡೆತ ಒಂದು ಗೆರೆಯಲ್ಲ, ಒಂದು ಚದುರು. ಅಭ್ಯಾಸದ ಮೈದಾನದಲ್ಲಿ ಒಂದೇ ಕೋಲಿನಿಂದ ಹತ್ತು ಚೆಂಡು ಹೊಡೆದು, ಎಡತುದಿಯದಕ್ಕೂ ಬಲತುದಿಯದಕ್ಕೂ ನಡುವೆ ಎಷ್ಟು ಹೆಜ್ಜೆ ಎಂದು ಎಣಿಸಿ. ಬಹುಪಾಲು ಜನ ಆ ಅಗಲ ನೋಡಿ ಬೆರಗಾಗುತ್ತಾರೆ. ಕೋರ್ಸಿನಲ್ಲಿ ಗುರಿ ಇಡಬೇಕಾದದ್ದು ಆ ಇಡೀ ಚದುರನ್ನು. ಧ್ವಜ ಗ್ರೀನಿನ ಎಡ ಅಂಚಿನಲ್ಲಿದ್ದು ಎಡಕ್ಕೆ ಇಳಿಜಾರಿದ್ದರೆ, ಧ್ವಜಕ್ಕೆ ಗುರಿಯಿಟ್ಟಾಗ ಚದುರಿನ ಅರ್ಧ ಪಾಲು ಇಳಿಜಾರಿಗೇ ಬೀಳುತ್ತದೆ. ಗ್ರೀನಿನ ನಡುವಿಗೆ, ಇಲ್ಲವೇ ಕೊಂಚ ಬಲಕ್ಕೆ ಗುರಿಯಿಟ್ಟರೆ ಕೆಟ್ಟ ಹೊಡೆತವೂ ಆಡಬಹುದಾದ ಜಾಗದಲ್ಲೇ ಉಳಿಯುತ್ತದೆ. ತಪ್ಪುವುದು ಖಂಡಿತ; ಎಲ್ಲಿ ತಪ್ಪಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ. ನನ್ನ ಮಟ್ಟಿಗೆ ಗಾಲ್ಫ್ ತಂತ್ರದ ತಿರುಳು ಇದೇ.

ಇನ್ನು ಬೆಟ್ಟದ ಗಾಳಿ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಚೆಂಡಿಗೆ ತಡೆ ಕಡಿಮೆಯಾಗಿ ದೂರ ಹೋಗುತ್ತದೆ. ಸಾವಿರ ಅಡಿ ಎತ್ತರಕ್ಕೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಎಂಬುದು ರೂಢಿಯ ಲೆಕ್ಕ. ಕೊಡೈಕೆನಾಲ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಂದರೆ ಕಡಲಮಟ್ಟಕ್ಕಿಂತ ಶೇಕಡಾ 8ರಷ್ಟು ಹೆಚ್ಚು ದೂರ. ಮಂಗಳೂರಿನ ಪಿಲಿಕುಳದಲ್ಲಿ 150 ಗಜ ಹೋಗುವ ಹೊಡೆತ ಇಲ್ಲಿ 162 ಗಜದ ಸುಮಾರಿಗೆ ಹೋಗಬೇಕು. ಬೆಂಗಳೂರಿನವರು ಆಗಲೇ 3,000 ಅಡಿ ಮೇಲಿರುವುದರಿಂದ ಅವರಿಗೆ ಸಿಗುವ ಹೆಚ್ಚುವರಿ ಕಡಿಮೆ: 150 ಗಜ 157ರ ಹತ್ತಿರಕ್ಕೆ ಬರುತ್ತದೆ.

ಆದರೆ ಚಳಿ ಇದರಲ್ಲಿ ಪಾಲು ಕಿತ್ತುಕೊಳ್ಳುತ್ತದೆ. ತಂಪು ಗಾಳಿ ಮಂದ, ತಂಪಾದ ಚೆಂಡು ಪುಟಿಯುವುದೂ ಕಡಿಮೆ. ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೂರು ಗಜದಷ್ಟು ಕಳೆಯಿತೆನ್ನಿ. ಸ್ವೆಟರ್ ಹಾಕಿಕೊಂಡ ಮೈ ಪೂರ್ತಿ ತಿರುಗುವುದಿಲ್ಲ, ಅಲ್ಲೂ ಸ್ವಲ್ಪ ಹೋಯಿತು. ಹೀಗಾಗಿ ಬೆಂಗಳೂರಿನಿಂದ ಬಂದವರಿಗೆ ಬೆಳಗಿನ ಏಳು ಗಂಟೆಯ ಚಳಿಯಲ್ಲಿ ಎತ್ತರದ ಲಾಭವೂ ಚಳಿಯ ನಷ್ಟವೂ ಹೆಚ್ಚುಕಡಿಮೆ ಸಮವಾಗಿ, ಚೆಂಡು ಮನೆಯಲ್ಲಿ ಹೋದಷ್ಟೇ ಹೋಗುತ್ತದೆ. ಹತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ಅದೇ ಕೋಲು ಗ್ರೀನ್ ದಾಟಿಸುತ್ತದೆ. ಆಡುತ್ತ ಆಡುತ್ತ ಲೆಕ್ಕ ಬದಲಾಗುತ್ತದೆ ಎಂಬುದನ್ನು ಮರೆತವರೇ ಕೊನೆಯ ಆರು ಹೋಲ್‌ಗಳಲ್ಲಿ ಎಡವುತ್ತಾರೆ. ತೆಳುಗಾಳಿಯಲ್ಲಿ ಇನ್ನೊಂದು ವಿಷಯ: ತಿರುಗುವ ಚೆಂಡಿಗೆ ಸಿಗುವ ಮೇಲೆತ್ತುವ ಬಲವೂ ಕಡಿಮೆ. ಚೆಂಡು ಸ್ವಲ್ಪ ಚಪ್ಪಟೆಯಾಗಿ ಬಂದಿಳಿಯುತ್ತದೆ, ಇಳಿದ ಮೇಲೆ ಹೆಚ್ಚು ಓಡುತ್ತದೆ. ಗ್ರೀನಿನ ಹಿಂದೆ ಜಾಗವಿಲ್ಲದ ಕಡೆ ಮುಂದಿನ ಅಂಚಿಗೆ ಇಳಿಸುವುದು ಲೇಸು.

ಬೆಟ್ಟದ ಕೋರ್ಸಿನಲ್ಲಿ ಹೆಚ್ಚು ಹೊತ್ತು ಕಲಿಯಬೇಕಾದದ್ದು ನಿಲ್ಲುವುದನ್ನು. ಬಯಲಿನಲ್ಲಿ ಚೆಂಡೂ ಪಾದವೂ ಒಂದೇ ಮಟ್ಟದಲ್ಲಿರುತ್ತವೆ. ಇಲ್ಲಿ ಹಾಗೆ ಸಿಗುವುದು ಹೆಚ್ಚಾಗಿ ಟೀ ಮೇಲೆ ಮಾತ್ರ. ಚೆಂಡು ಪಾದಕ್ಕಿಂತ ಮೇಲಿದ್ದರೆ ಬಲಗೈ ಆಟಗಾರರ ಹೊಡೆತ ಎಡಕ್ಕೆ ತಿರುಗುತ್ತದೆ, ಕೆಳಗಿದ್ದರೆ ಬಲಕ್ಕೆ. ಇದನ್ನು ಬಾಯಿಪಾಠ ಮಾಡಿ ಗೊಂದಲಗೊಳ್ಳುವ ಬದಲು ಒಂದೇ ಸೂತ್ರ ನೆನಪಿಡಿ: ನೆಲ ಅಡ್ಡಲಾಗಿ ಎತ್ತ ವಾಲಿದೆಯೋ ಚೆಂಡು ಅತ್ತಲೇ ತಿರುಗುತ್ತದೆ. ಎಡಗೈ ಆಟಗಾರರಿಗೂ ಈ ಸೂತ್ರ ಹಾಗೆಯೇ ಹೊಂದುತ್ತದೆ. ಗಾಳಿಯಲ್ಲಿ ಅತ್ತ ತಿರುಗಿದ ಚೆಂಡನ್ನು ಇಳಿದ ಮೇಲೆ ನೆಲವೂ ಅತ್ತಲೇ ಎಳೆಯುತ್ತದೆ. ಎರಡು ಪಾಲು ತಪ್ಪು ಒಂದೇ ದಿಕ್ಕಿಗೆ. ಆದ್ದರಿಂದ ಎತ್ತರದ ಬದಿಗೆ, ನಾಚಿಕೆಪಡದೆ ಧಾರಾಳವಾಗಿ ಗುರಿಯಿಡಬೇಕು. ಚೆಂಡು ಮೇಲಿದ್ದಾಗ ಕೋಲನ್ನು ಒಂದಂಗುಲ ಕೆಳಗೆ ಹಿಡಿದು ನೆಟ್ಟಗೆ ನಿಲ್ಲಿ. ಕೆಳಗಿದ್ದಾಗ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಹೊಡೆತ ಮುಗಿಯುವವರೆಗೂ ಮೇಲೇಳಬೇಡಿ.

ಗುರಿಯ ಕಡೆಗೇ ಏರಿದ್ದರೆ ಚೆಂಡು ಎತ್ತರಕ್ಕೆ ಹಾರಿ ಹತ್ತಿರವೇ ಬೀಳುತ್ತದೆ. ಒಂದು ಉದ್ದದ ಕೋಲು ಹಿಡಿಯಿರಿ. ಇಳಿಮುಖವಾಗಿದ್ದರೆ ಚೆಂಡು ತಗ್ಗಿನಲ್ಲಿ ಹಾರಿ ಬಹಳ ಓಡುತ್ತದೆ; ಒಂದು ಗಿಡ್ಡ ಕೋಲು ಸಾಕು. ಎರಡರಲ್ಲೂ ಭುಜಗಳು ಇಳಿಜಾರಿಗೆ ಸಮಾನವಾಗಿ ವಾಲಿರಬೇಕು, ನೆಲದ ವಿರುದ್ಧ ಜಗ್ಗಾಡಬಾರದು. ನಾಲ್ಕು ಬಗೆಯ ನಿಲುವಿನಲ್ಲೂ ಮುಕ್ಕಾಲು ಬಲವೇ ಸಾಕು. ಪೂರ್ತಿ ಬಲ ಹಾಕಿದರೆ ಮೊದಲು ತಪ್ಪುವುದು ಪಾದ, ಆಮೇಲೆ ಚೆಂಡು.

ಗ್ರೀನ್ ತಲುಪಿದ ಮೇಲೆ ಕಣ್ಣನ್ನು ಪೂರ್ತಿ ನಂಬಬೇಡಿ. ಸುತ್ತಲ ಬೆಟ್ಟವೇ ಒಂದು ಕಡೆಗೆ ವಾಲಿರುವಾಗ ಅದೇ ಕಡೆಗೆ ಮೆಲ್ಲಗೆ ವಾಲಿದ ಗ್ರೀನ್ ಸಮತಟ್ಟಾಗಿ ಕಾಣುತ್ತದೆ. ಗ್ರೀನಿಗೆ ನಡೆದು ಬರುವಾಗ ಐವತ್ತು ಗಜ ದೂರದಿಂದಲೇ ನೋಡಿ: ಇದರ ಮೇಲೊಂದು ಬಿಂದಿಗೆ ನೀರು ಸುರಿದರೆ ಎತ್ತ ಹರಿದುಹೋಗುತ್ತದೆ? ಪಟ್ ಅತ್ತಲೇ ಬಾಗುತ್ತದೆ. ಇಲ್ಲಿ ತಮಿಳು ಕಿವಿಗೆ ಬೀಳುತ್ತಿರುತ್ತದಲ್ಲ, ‘ಪಳ್ಳಂ ಎಂದ ಪಕ್ಕಂ?’ ಎಂದು ನಿಮ್ಮ ಚೀಲ ಹೊರುವ ಕ್ಯಾಡಿಯನ್ನು ಕೇಳಿ. ತಮಿಳಿನ ಪಳ್ಳಂ ನಮ್ಮ ಹಳ್ಳವೇ. ತಗ್ಗು ಯಾವ ಕಡೆ ಎಂದು ಕೇಳಿದಂತಾಯಿತು. ಕೆಳಗಿನ ತೇನಿ, ಕಂಬಂ ಕಣಿವೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡವಾಡುವ ಕಪ್ಪಿಲಿಯರೆಂಬ ಸಮುದಾಯದವರಿದ್ದಾರೆ. ಈ ಎರಡು ನುಡಿಗಳು ಇಲ್ಲಿ ನೆರೆಹೊರೆ. ಕ್ಯಾಡಿಯಣ್ಣ ತೋರಿಸಿದ ದಿಕ್ಕು ನಿಮ್ಮ ಕಣ್ಣಿಗೆ ಒಪ್ಪದಿದ್ದರೂ ಅದನ್ನೇ ನಂಬಿ. ಬೆಳಗಿನ ಇಬ್ಬನಿಯಲ್ಲಿ ಗ್ರೀನ್ ನಿಧಾನ, ಬಿಸಿಲೇರಿದಂತೆ ಚುರುಕು.

ಎಂಟು ಅಡಿ ದೂರದ ಪಟ್ಟನ್ನು ಅಮೆರಿಕದ ವೃತ್ತಿಪರ ಆಟಗಾರರೇ ಸುಮಾರು ಅರ್ಧದಷ್ಟು ಸಲ ಮಾತ್ರ ಕುಳಿಗೆ ಹಾಕುತ್ತಾರೆ. ಹಾಗಾಗಿ ನಾವು ದೂರದ ಪಟ್ಟಿನಲ್ಲಿ ಕುಳಿಯನ್ನು ಬೆನ್ನಟ್ಟದೆ, ಅದರ ಹತ್ತಿರ, ಕೆಳಬದಿಯಲ್ಲಿ ನಿಲ್ಲಿಸಿದರೆ ಸಾಕು. ದೂರ ಹೊಡೆಯಲಾರದವರು ಈ ಆಟದಲ್ಲಿ ಏನೂ ಮಾಡಲಾರರು ಎಂದು ಯಾರಾದರೂ ಹೇಳಿದರೆ ಬೆಂಗಳೂರಿನ ಅದಿತಿ ಅಶೋಕ್ ಅವರ ಹೆಸರು ಹೇಳಿ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಹೋದಾಗ ಅವರ ವಿಶ್ವ ಶ್ರೇಯಾಂಕ 200. ಡ್ರೈವ್ ದೂರದಲ್ಲಿ ಅಲ್ಲಿದ್ದ ಬಹುತೇಕರಿಗಿಂತ ಹಿಂದೆ. ತಾಯಿಯೇ ಕ್ಯಾಡಿ. ನಾಲ್ಕು ದಿನ ಪಟ್ಟರ್ ನಂಬಿ ಆಡಿ, ಪಾರ್‌ಗಿಂತ 15 ಹೊಡೆತ ಕಡಿಮೆಯಲ್ಲಿ ಮುಗಿಸಿ, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು.

ಮಂಜು ಕವಿಯುವ ಹೊತ್ತಿನ ಬಗ್ಗೆ ಚಿಕ್ಕ ಮಾತು. ಕೊಡೈಕೆನಾಲಿನಲ್ಲಿ ಮಂಜು ಹೇಳಿಕೇಳಿ ಬರುವುದಿಲ್ಲ. ಚೆಂಡು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ. 2019ಕ್ಕೆ ಮೊದಲು ಐದಿತ್ತು. ಸಿಗದಿದ್ದರೆ ಒಂದು ಹೊಡೆತ ದಂಡ ತೆತ್ತು ಹಿಂದಿನ ಜಾಗಕ್ಕೆ ಮರಳಬೇಕು. ಚೆಂಡು ಮರಗಳ ಕಡೆ ಹೋಯಿತೆಂಬ ಅನುಮಾನ ಬಂದರೂ ಸಾಕು, ‘ಪ್ರಾವಿಷನಲ್’ ಎಂದು ಬಾಯಿಬಿಟ್ಟು ಹೇಳಿ ಅಲ್ಲೇ ಇನ್ನೊಂದು ಹೊಡೆದುಬಿಡಿ. ಹೇಳದೆ ಹೊಡೆದರೆ ಮೊದಲ ಚೆಂಡು ಕಳೆದಂತೆಯೇ ಲೆಕ್ಕ.

ಕೊನೆಗೆ, ಈ ಕೋರ್ಸಿನ ನಿಜವಾದ ಒಡೆಯರು. ಕಾಟಿಗಳು ಇಲ್ಲಿ ಹಿಂಡುಹಿಂಡಾಗಿ ಬಂದು ಮೇಯುತ್ತವೆ. ಬಲಿತ ಗಂಡು ಕಾಟಿ ಸಾವಿರ ಕಿಲೋ ಸಮೀಪಿಸುತ್ತದೆ. ಸಾಧುವಾಗಿ ಮೇಯುವಂತೆ ಕಂಡರೂ ಹತ್ತಿರ ಹೋದವರ ಮೇಲೆ ನುಗ್ಗಬಲ್ಲದು. ಫೋಟೋ ಆಸೆಗೆ ಹತ್ತಿರ ಹೋಗಬೇಡಿ, ಚೆಂಡು ಹೊಡೆದು ಓಡಿಸಲು ನೋಡಬೇಡಿ. ನಿಯಮಗಳು ನಿಮ್ಮ ಪರವಾಗಿವೆ. ಅಪಾಯಕಾರಿ ಪ್ರಾಣಿಯ ಹತ್ತಿರ ಚೆಂಡು ನಿಂತರೆ ದಂಡವಿಲ್ಲದೆ ಸುರಕ್ಷಿತ ಜಾಗಕ್ಕೆ ಬಂದು, ಕುಳಿಗೆ ಹತ್ತಿರವಾಗದಂತೆ ಒಂದು ಕೋಲಳತೆಯೊಳಗೆ ಚೆಂಡು ಬಿಟ್ಟು ಆಡಬಹುದು. ಹಾವು, ಜೇನು, ಕರಡಿಗಳ ವಿಷಯದಲ್ಲೂ ಇದೇ ನಿಯಮ. ನಿಂತ ಚೆಂಡನ್ನು ಕಾಟಿ ಕಾಲಿನಿಂದ ಸರಿಸಿದರೆ, ದಂಡವಿಲ್ಲದೆ ಮೊದಲಿದ್ದಲ್ಲೇ ಇಡಬೇಕು. ಸಗಣಿಯನ್ನು ಎತ್ತಿಹಾಕಬಹುದು, ಆದರೆ ಗ್ರೀನಿನ ಹೊರಗೆ ಹಾಗೆ ಎತ್ತುವಾಗ ಚೆಂಡು ಅಲುಗಿದರೆ ಒಂದು ಹೊಡೆತ ದಂಡ. ಫೇರ್‌ವೇಯ ಗೊರಸಿನ ಗುಳಿಯಲ್ಲಿ ಚೆಂಡು ಕೂತರೆ, ಕ್ಲಬ್ಬಿನ ಸ್ಥಳೀಯ ನಿಯಮ ಬೇರೆ ಹೇಳದ ಹೊರತು, ಇದ್ದಂತೆಯೇ ಆಡಬೇಕು. ಶುರುಮಾಡುವ ಮುನ್ನ ಕ್ಲಬ್ಬಿನಲ್ಲಿ ಆ ಸ್ಥಳೀಯ ನಿಯಮವನ್ನು ಕೇಳಿ ತಿಳಿದುಕೊಳ್ಳಿ.

ಗ್ರೀನ್ ಮೇಲಿನ ಗೊರಸಿನ ಗುರುತಿಗೆ ಮಾತ್ರ ಬೇರೆ ನಿಯಮ. 2019ರಿಂದ ಅದನ್ನು ಪಟ್ ಮಾಡುವ ಮೊದಲೇ ಸರಿಪಡಿಸಲು ಅವಕಾಶವಿದೆ. ನಿಮ್ಮ ದಾರಿಗೆ ಅಡ್ಡ ಬಂದದ್ದನ್ನಷ್ಟೇ ಅಲ್ಲ, ಪಕ್ಕದಲ್ಲಿ ಕಂಡ ಇನ್ನೊಂದೆರಡನ್ನೂ ನಿಮ್ಮ ಪಟ್ ಮುಗಿದ ಮೇಲೆ ಅಂಚಿನಿಂದ ಒಳಕ್ಕೆ ಒತ್ತಿ, ಪಟ್ಟರಿನ ತಳದಿಂದ ತಟ್ಟಿ, ಸಮಮಾಡಿ ಹೋಗಿ. ಹಿಂದೆ ಇನ್ನೊಂದು ತಂಡ ಬರುತ್ತಿರುತ್ತದೆ.